ಹೊಟ್ಟು ಏಳುವ ಚರ್ಮ: ಮುಲಾಮು ಹಚ್ಚುವ ಮೊದಲು ನೋಡಬೇಕಾದದ್ದು

ಕಾರವಾರದ ಮೀನುಪೇಟೆಯಲ್ಲಿ ದಿನವಿಡೀ ಸಿಗಡಿ ಸುಲಿಯುವ ಕೈಯ ಚರ್ಮ ಒಣಗಿ ಪೊರೆ ಏಳುತ್ತದೆ. ಸಿರ್ಸಿ ಕಡೆಯ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಕೈಯದ್ದೂ ಅದೇ ಪಾಡು. ಸೊಂಟದ ಸುತ್ತ ಪಂಚೆ ಬಿಗಿದ ಜಾಗದಲ್ಲಿ ಬಳೆಯಾಕಾರದ ಹೊಟ್ಟು, ಮೊಣಕೈ ಮೇಲೆ ಬೆಳ್ಳಿಬಣ್ಣದ ಹೊಟ್ಟು, ಅಜ್ಜನ ಮೊಣಕಾಲ ಕೆಳಗೆ ಬೂದಿ ಬಳಿದಂಥ ಹೊಟ್ಟು. ನೋಡಲು ಎಲ್ಲ ಹೆಚ್ಚುಕಡಿಮೆ ಒಂದೇ. ಕಾರಣ ಮಾತ್ರ ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ವಿಷ. ಹುಳುಕಡ್ಡಿಗೆ ಇಸುಬಿನ ಮುಲಾಮು ಹಚ್ಚಿದರೆ ಅದು ಮೈತುಂಬ ಹಬ್ಬುತ್ತದೆ. ಇಸುಬಿಗೆ ಹುಳುಕಡ್ಡಿಯ ಮುಲಾಮು ಹಚ್ಚಿದರೆ ತಿಂಗಳು ಕಳೆದರೂ ತುರಿಕೆ ನಿಲ್ಲುವುದಿಲ್ಲ. ಹಾಗಾಗಿ ಔಷಧಿ ಅಂಗಡಿಗೆ ಹೋಗುವ ಮೊದಲು ಚರ್ಮವನ್ನು ಸರಿಯಾಗಿ ನೋಡಬೇಕು.

ಯಾವ ತಿಂಗಳಲ್ಲಿ ಹೆಚ್ಚಾಗುತ್ತದೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅರ್ಧ ರೋಗನಿರ್ಣಯವನ್ನು ಹವೆಯೇ ಮಾಡಿಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ದಿನಗಳಲ್ಲಿ ಹೆಚ್ಚಾಗಿ, ಚಳಿಗೆ ಕಡಿಮೆಯಾಗುವ ಹೊಟ್ಟಿಗೆ ಸಾಮಾನ್ಯವಾಗಿ ಬೂಷ್ಟು ಜಾತಿಯ ಶಿಲೀಂಧ್ರವೇ ಕಾರಣ: ಹುಳುಕಡ್ಡಿ, ಚಿಬ್ಬು, ಕಾಲ್ಬೆರಳ ಸಂದಿನ ಬಿಳಿಹುಣ್ಣು. ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಹೊನ್ನಾವರದಲ್ಲಿ ಸೆಕೆಯಿಂದಾಗಿ ಮಾರ್ಚ್, ಏಪ್ರಿಲ್‌ನಲ್ಲೂ ಇದು ಬಿಡುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಘಟ್ಟದ ಮೇಲೆ ಒಣ ಮೂಡುಗಾಳಿ ಬೀಸುವಾಗ ಕೆರಳುವುದು ಇನ್ನೊಂದು ಗುಂಪು: ಬರೀ ಒಣಚರ್ಮ, ಇಸುಬು, ಸೋರಿಯಾಸಿಸ್, ಹಿಮ್ಮಡಿ ಬಿರುಕು. ಇಡೀ ವರ್ಷ ಒಂದೇ ಸಮನೆ ಇದ್ದು, ಕೆಲಸಕ್ಕೆ ರಜೆ ಹಾಕಿದ ಎರಡು ವಾರದಲ್ಲಿ ಇಳಿದರೆ ಆ ಕೆಲಸದಲ್ಲಿ ಮುಟ್ಟುವ ವಸ್ತುವೇ ಕಾರಣ.

ಈ ಲೆಕ್ಕ ತಪ್ಪುವುದೂ ಉಂಟು. ಸೋರಿಯಾಸಿಸ್ ಕೆಲವರಿಗೆ ಮಳೆಗಾಲದಲ್ಲಿ ಬಿಸಿಲು ಸಿಗದೆ ಹೆಚ್ಚಾಗುತ್ತದೆ. ಆದ್ದರಿಂದ ತಿಂಗಳ ಜೊತೆಗೆ ಕಲೆಯನ್ನೂ ನೋಡಬೇಕು.

ಕಿಟಕಿಯ ಬೆಳಕಿನಲ್ಲಿ ನೋಡುವ ಕ್ರಮ

ಹಗಲು ಹೊತ್ತು, ಎಣ್ಣೆ ಅಥವಾ ಮುಲಾಮು ಹಚ್ಚದೆ, ಕಿಟಕಿಯ ಪಕ್ಕ ನಿಂತು ನೋಡಿ.

1. ಅಂಚು. ಹೊರಗಿನ ಅಂಚು ಕೆಂಪಾಗಿ ಉಬ್ಬಿ, ಹೊಟ್ಟು ಅಂಚಿನಲ್ಲೇ ಹೆಚ್ಚಿದ್ದು, ನಡುವೆ ಚರ್ಮ ತಿಳಿಯಾಗುತ್ತಿದ್ದರೆ ಹುಳುಕಡ್ಡಿ. ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯದಂತೆ ಮಾಸಿದ್ದರೆ ಇಸುಬು. ಗೆರೆ ಎಳೆದಂತೆ ಸ್ಪಷ್ಟ ಅಂಚಿದ್ದು, ಒಳಗೆಲ್ಲ ಒಂದೇ ಸಮನೆ ದಪ್ಪ ಹೊಟ್ಟಿದ್ದರೆ ಸೋರಿಯಾಸಿಸ್. ರೂಪಾಯಿ ನಾಣ್ಯದಂಥ ದುಂಡಗಿನ ಇಸುಬೂ ಇದೆ, ಅದನ್ನು ಹುಳುಕಡ್ಡಿ ಎಂದು ಭಾವಿಸಿ ಮೋಸ ಹೋಗುವವರು ಬಹಳ. ವ್ಯತ್ಯಾಸ ನಡುಭಾಗದಲ್ಲಿದೆ: ನಾಣ್ಯದ ಇಸುಬಿನ ನಡುಭಾಗ ತಿಳಿಯಾಗುವುದಿಲ್ಲ, ಅಲ್ಲೇ ರಸ ಒಸರಿ ಹೆಪ್ಪುಗಟ್ಟುತ್ತದೆ.

2. ಜಾಗ. ಮೊಣಕೈಯ ಒಳಮಡಿಕೆ, ಮೊಣಕಾಲ ಹಿಂಭಾಗ, ಕುತ್ತಿಗೆ, ಎಳೆಮಕ್ಕಳ ಕೆನ್ನೆ ಇಸುಬಿನ ಜಾಗಗಳು. ಮೊಣಕೈ, ಮೊಣಕಾಲ ಹೊರಮೈ, ನೆತ್ತಿ, ಸೊಂಟದ ಹಿಂಭಾಗ ಸೋರಿಯಾಸಿಸ್‌ನವು. ತೊಡೆಸಂದಿ, ಸೊಂಟ, ಕಂಕುಳು ಹುಳುಕಡ್ಡಿಯವು. ಹುಬ್ಬು ಮತ್ತು ಮೂಗಿನ ಪಕ್ಕದ ಗೆರೆಯಲ್ಲಿ ಜಿಡ್ಡು ಹೊಟ್ಟಿದ್ದರೆ ತಲೆಹೊಟ್ಟಿನದೇ ಮುಂದುವರಿಕೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ, ರಾತ್ರಿ ನಿದ್ದೆಗೆಡಿಸುವ ತುರಿಕೆ, ಮನೆಯಲ್ಲಿ ಇನ್ನೂ ಇಬ್ಬರಿಗೆ ಅದೇ ಇದ್ದರೆ ಕಜ್ಜಿ.

3. ಹೊಟ್ಟಿನ ಬಗೆ. ಬೂದಿಯಂಥ ಹುಡಿಯೋ, ದಪ್ಪ ಬಿಳಿ ಪದರವೋ, ಹಳದಿ ಜಿಡ್ಡೋ ನೋಡಿ. ಎದೆ, ಬೆನ್ನಿನ ಮೇಲಿನ ತಿಳಿ ಅಥವಾ ಕಂದು ಚುಕ್ಕೆಗಳ ಮೇಲೆ ಏನೂ ಕಾಣದಿದ್ದರೆ ಚರ್ಮವನ್ನು ಎರಡು ಬೆರಳಿನಿಂದ ಹಿಗ್ಗಿಸಿ. ಸಣ್ಣ ಹುಡಿ ಎದ್ದು ಕಂಡರೆ ಅದು ಚಿಬ್ಬು. ಮೊಣಕಾಲ ಕೆಳಗೆ ಮೀನಿನ ಹುರುಪೆಯಂತೆ ಜೋಡಿಸಿದ ಚೌಕಗಳು ಚಿಕ್ಕಂದಿನಿಂದಲೂ ಇದ್ದು, ಅಂಗೈ ರೇಖೆಗಳು ಮಾಮೂಲಿಗಿಂತ ಆಳವಾಗಿದ್ದರೆ ಅದು ಹುಟ್ಟಿನಿಂದ ಬಂದ ಇಕ್ತಿಯೋಸಿಸ್. ಮಳೆಗಾಲದಲ್ಲಿ ಇದು ತಾನಾಗಿ ತಣ್ಣಗಾಗುತ್ತದೆ, ಚಳಿಗಾಲದಲ್ಲಿ ಮರಳುತ್ತದೆ. ಪೂರ್ತಿ ಹೋಗುವುದಿಲ್ಲ, ಅಂಟುವುದೂ ಇಲ್ಲ.

4. ಸ್ಪರ್ಶ. ಇದನ್ನು ಬಿಡಬೇಡಿ. ತಿಳಿಬಣ್ಣದ ಅಥವಾ ಕೆಂಪು ಛಾಯೆಯ ಒಣಕಲೆ, ತುರಿಕೆ ಇಲ್ಲ, ಮೇಲೆ ಬೆವರು ಬರುವುದಿಲ್ಲ, ರೋಮ ಉದುರಿದೆ ಎಂದಾದರೆ ದೇವರ ದೀಪದ ಹತ್ತಿ ಬತ್ತಿಯ ತುದಿಯನ್ನು ಸಡಿಲ ಮಾಡಿಕೊಳ್ಳಿ. ನೋಡಿಸಿಕೊಳ್ಳುವವರು ಕಣ್ಣು ಮುಚ್ಚಿಕೊಳ್ಳಲಿ. ಮೊದಲು ಒಳ್ಳೆಯ ಚರ್ಮಕ್ಕೆ, ಮತ್ತೆ ಕಲೆಗೆ ಹಗುರಾಗಿ ತಾಗಿಸಿ, ತಾಗಿದ್ದು ಎಲ್ಲೆಂದು ಬೆರಳಿಟ್ಟು ತೋರಿಸಲು ಹೇಳಿ. ಕಲೆಯ ಮೇಲೆ ತಾಗಿದ್ದು ಗೊತ್ತಾಗದಿದ್ದರೆ ಕುಷ್ಠರೋಗದ ಸಂಶಯ. ಹೆದರಿ ಮುಚ್ಚಿಡುವ ಕಾಯಿಲೆ ಇದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ, 6 ಅಥವಾ 12 ತಿಂಗಳ ಕೋರ್ಸ್‌ನಲ್ಲಿ ಗುಣವಾಗುತ್ತದೆ. ತಡ ಮಾಡಿದರೆ ನರ ಸಾಯುತ್ತದೆ; ಸತ್ತ ನರಕ್ಕೆ ಜೀವ ಬರುವುದು ಕಷ್ಟ.

ಒಣಚರ್ಮ ಮತ್ತು ಇಸುಬು: ಬಚ್ಚಲುಮನೆಯಿಂದ ಆರಂಭಿಸಿ

ಘಟ್ಟದ ಮೇಲಿನ ಮನೆಗಳಲ್ಲಿ ಒಣಚರ್ಮಕ್ಕೆ ದೊಡ್ಡ ಕಾರಣ ಹಂಡೆ. ಒಲೆಗೆ ಕಟ್ಟಿಗೆ ಒಟ್ಟಿ ಹಬೆಯಾಡುವ ನೀರನ್ನು ಮೈಮೇಲೆ ಸುರಿದುಕೊಂಡರೆ ತುರಿಕೆಗೆ ಆ ಹೊತ್ತಿಗೆ ಹಿತವಾಗುತ್ತದೆ, ನಿಜ. ಆದರೆ ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ ಗಾರೆಯಂತೆ ತುಂಬಿರುವ ಕೊಬ್ಬನ್ನು ಬಿಸಿನೀರೂ ಸಾಬೂನೂ ಸೇರಿ ಕರಗಿಸಿ ಒಯ್ಯುತ್ತವೆ. ಗಾರೆ ಹೋದ ಗೋಡೆಯಿಂದ ಒಳಗಿನ ತೇವ ಹೊರಗೆ ಹಾರುತ್ತದೆ, ಹೊರಗಿನ ಧೂಳು, ಸಾಬೂನು ಒಳಗೆ ಇಳಿಯುತ್ತವೆ. ಅರ್ಧ ಗಂಟೆಯಲ್ಲಿ ತುರಿಕೆ ಇಮ್ಮಡಿ.

ಮಾಡಬೇಕಾದ್ದು ಇಷ್ಟು. ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎನ್ನಿಸುವ ನೀರು. 5ರಿಂದ 10 ನಿಮಿಷದಲ್ಲಿ ಸ್ನಾನ ಮುಗಿಸಿ. ಸಾಬೂನು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ. ಕೈಕಾಲಿಗೆ ಬರೀ ನೀರು ಸಾಕು. ನಾರು, ಕಲ್ಲು, ಒರಟು ಬಟ್ಟೆಯಲ್ಲಿ ಉಜ್ಜಬಾರದು. ಟವೆಲ್ಲಿನಿಂದ ಒರೆಸುವ ಬದಲು ಒತ್ತಿ ನೀರು ತೆಗೆಯಿರಿ. ಚರ್ಮ ಇನ್ನೂ ತುಸು ಒದ್ದೆಯಿರುವಾಗಲೇ, 3 ನಿಮಿಷದೊಳಗೆ, ಹಚ್ಚುವುದನ್ನು ಹಚ್ಚಿ.

ಹಚ್ಚುವುದು ಏನನ್ನು? ತೆಂಗಿನೆಣ್ಣೆ ಸಾಕೇ ಎಂಬ ಪ್ರಶ್ನೆ ಕರಾವಳಿಯಲ್ಲಿ ಬಂದೇ ಬರುತ್ತದೆ. ಸಾಮಾನ್ಯ ಒಣಚರ್ಮಕ್ಕೆ ಸಾಕು. ಆದರೆ ಎಣ್ಣೆ ತೇವವನ್ನು ಕೊಡುವುದಿಲ್ಲ, ಇರುವ ತೇವವನ್ನು ಮುಚ್ಚಿಡುತ್ತದೆ. ಒಣಗಿದ ಚರ್ಮದ ಮೇಲೆ ಎಷ್ಟು ಸವರಿದರೂ ಒಳಗೆ ಒಣಗಿಯೇ ಇರುತ್ತದೆ. ಹಬ್ಬದ ಎಣ್ಣೆಸ್ನಾನದಲ್ಲಿ ಎಣ್ಣೆ ಮೊದಲು, ಸೀಗೆಪುಡಿ ಮತ್ತು ಸುಡುನೀರು ಆಮೇಲೆ. ಹಚ್ಚಿದ್ದೆಲ್ಲ ತೊಳೆದು ಹೋಗುತ್ತದೆ. ಸ್ನಾನದ ನಂತರ ಒದ್ದೆ ಕೈಕಾಲಿಗೆ ಮೂರ್ನಾಲ್ಕು ಚಹಾ ಚಮಚ ಎಣ್ಣೆ ಹಚ್ಚಿ ನೋಡಿ, ವ್ಯತ್ಯಾಸ ವಾರದಲ್ಲಿ ಗೊತ್ತಾಗುತ್ತದೆ. ಇದರಿಂದ ಆಗದಿದ್ದರೆ ಪೆಟ್ರೋಲಿಯಂ ಜೆಲ್ಲಿ ಅಥವಾ ಗ್ಲಿಸರಿನ್ ಇರುವ ದಪ್ಪ ಕ್ರೀಮು. ಸುವಾಸನೆ ಇಲ್ಲದ್ದೇ ಇರಲಿ. ಹುರುಪೆ ದಪ್ಪವಾಗಿದ್ದರೆ 10% ಯೂರಿಯಾ ಇರುವ ಕ್ರೀಮು. ಒಡೆದ ಚರ್ಮಕ್ಕೆ ಇದು ಉರಿಯುತ್ತದೆ, ಸಣ್ಣ ಮಕ್ಕಳಿಗೆ ವೈದ್ಯರನ್ನು ಕೇಳದೆ ಬೇಡ.

ಎಲ್ಲರೂ ಎಡವುವುದು ಪ್ರಮಾಣದಲ್ಲಿ. ದೊಡ್ಡವರ ಇಡೀ ಮೈಗೆ ಒಂದು ಸಲ ಹಚ್ಚಲು 20ರಿಂದ 30 ಗ್ರಾಂ ಬೇಕು. ಮೈತುಂಬ ಇಸುಬಿದ್ದು ದಿನಕ್ಕೆರಡು ಸಲ ಹಚ್ಚುವವರಿಗೆ 50 ಗ್ರಾಮಿನ ಟ್ಯೂಬು ಒಂದೇ ದಿನಕ್ಕೆ ಸರಿ. ಅದನ್ನು ಎರಡು ತಿಂಗಳು ಎಳೆದು, ಕ್ರೀಮು ಹಿಡಿಸಲಿಲ್ಲ ಎನ್ನುವುದು ನ್ಯಾಯವಲ್ಲ. ದುಬಾರಿ ಟ್ಯೂಬಿಗಿಂತ ಅಗ್ಗದ ದೊಡ್ಡ ಡಬ್ಬಿಯನ್ನು ಧಾರಾಳವಾಗಿ ಬಳಸುವುದೇ ಮೇಲು.

ಇಸುಬು ಕೆಂಪಾಗಿ ಕೆರಳಿದಾಗ ವೈದ್ಯರು ಸ್ಟಿರಾಯ್ಡ್ ಮುಲಾಮು ಬರೆಯುತ್ತಾರೆ. ಅದಕ್ಕೆ ಅಳತೆ ಬೆರಳ ತುದಿ: ತೋರುಬೆರಳ ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಹಿಂಡಿದ ಉದ್ದ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಗಲದ ಚರ್ಮಕ್ಕೆ ಅದು ಸಾಕು. ಮುಖಕ್ಕೂ ತೊಡೆಸಂದಿಗೂ ಅಂಗಾಲಿನ ಮುಲಾಮನ್ನು ಹಚ್ಚಬಾರದು. ಅಲ್ಲಿ ಚರ್ಮ ತೆಳು, ಬೇಗ ಸವೆಯುತ್ತದೆ.

ವಯಸ್ಸಾದವರ ಮೊಣಕಾಲ ಕೆಳಗೆ ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟ ಕೆಂಪು ಚರ್ಮ ಇದೇ ದಾರಿಯಲ್ಲಿ ಗುಣವಾಗುತ್ತದೆ. ವಾಸಿಯಾಗದಿದ್ದರೆ ಥೈರಾಯ್ಡ್, ಸಕ್ಕರೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ.

ಕೆಲಸದಿಂದ ಬರುವ ಕೈ

ಮೀನು, ಮಂಜುಗಡ್ಡೆ, ಉಪ್ಪುನೀರಿನಲ್ಲಿ ದಿನವಿಡೀ ನೆನೆಯುವ ಕೈ ಸಂಜೆ ಒಣಗಿದಾಗ ಒಡೆಯುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿಯುವವರಿಗೆ, ಅಘನಾಶಿನಿಯಲ್ಲಿ ಚಿಪ್ಪಿ ಆರಿಸುವವರಿಗೆ ಇದು ಹೊಸತಲ್ಲ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಚರ್ಮವನ್ನು ಬಿಗಿಮಾಡಿ ಒಣಗಿಸುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣ, ಮೈಲುತುತ್ತ ಎರಡೂ ಸುಡುತ್ತವೆ. ಸಿಮೆಂಟಿನಲ್ಲಿರುವ ಕ್ರೋಮಿಯಂ ಲವಣಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ವರ್ಷಗಟ್ಟಲೆ ಬಿಡುವುದಿಲ್ಲ.

ಸೊನೆಯ ವಿಷಯ ಬೇರೆ. ಗೇರು, ಮಾವು, ಹೊಳಗೇರು ಮೂರೂ ಒಂದೇ ಸಸ್ಯಕುಟುಂಬದವು. ಹೊಳಗೇರು ತಾಗಿ ಮುಖ ಊದಿಸಿಕೊಂಡವರಿಗೆ ಅಪ್ಪೆಮಿಡಿ ಕೊಯ್ಯುವಾಗಲೂ, ಗೇರುಬೀಜ ಒಡೆಯುವಾಗಲೂ ಮೈ ಏಳುವ ಸಂಭವ ಹೆಚ್ಚು. ಮೊದಲು ಗುಳ್ಳೆ, ರಸ. ಒಂದೆರಡು ವಾರದಲ್ಲಿ ಅದೇ ಒಣಗಿ ಕಪ್ಪು ಹೊಟ್ಟು. ಸೊನೆ ತಾಗಿದ ಕೂಡಲೇ ಸಾಬೂನು ಹಾಕಿ ಧಾರಾಳ ನೀರಲ್ಲಿ ತೊಳೆಯುವುದೊಂದೇ ತಡೆ. ಕತ್ತಿಯ ಹಿಡಿ, ಕೊಕ್ಕೆ, ಅಂಗಿಯನ್ನೂ ತೊಳೆಯಬೇಕು. ಗೇರುಬೀಜ ಒಡೆಯುವವರು ಕೈಗೆ ತೆಂಗಿನೆಣ್ಣೆ ಸವರಿಕೊಂಡೇ ಕೂರುವ ರೂಢಿ ಒಳ್ಳೆಯದೇ, ಗ್ಲೌಸಿನಷ್ಟು ಭದ್ರವಲ್ಲ ಅಷ್ಟೆ.

ನೀರಿನ ಕೆಲಸಕ್ಕೆ ಒಳಗೆ ಹತ್ತಿಯ ಗ್ಲೌಸ್, ಹೊರಗೆ ರಬ್ಬರಿನದು. ಅರ್ಧ ಗಂಟೆಗೊಮ್ಮೆ ತೆಗೆದು ಕೈಗೆ ಗಾಳಿ ಕೊಡಿ. ಒಳಗೆ ಬೆವರಿದ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ಉಂಗುರ ತೆಗೆದಿಡಿ, ಸಾಬೂನು ಅದರ ಕೆಳಗೇ ನಿಲ್ಲುತ್ತದೆ. ಕೈತೊಳೆದಾಗಲೆಲ್ಲ ಸ್ವಲ್ಪ ಕ್ರೀಮು, ಮಲಗುವಾಗ ದಪ್ಪಗೆ ಹಚ್ಚಿ ಹತ್ತಿಯ ಗ್ಲೌಸ್. ಗುಣವಾದಂತೆ ಕಂಡ ಮೇಲೂ ಈ ಜಾಗ್ರತೆ ಕೆಲವು ತಿಂಗಳು ಬೇಕು, ಒಳಗಿನ ಗೋಡೆ ಕಟ್ಟಲು ಅಷ್ಟು ಕಾಲ ಹಿಡಿಯುತ್ತದೆ.

ಹುಳುಕಡ್ಡಿ, ಮತ್ತು ಅದನ್ನು ಕೆಡಿಸುವ ಮಿಶ್ರ ಮುಲಾಮು

ಇತ್ತೀಚಿನ ವರ್ಷಗಳಲ್ಲಿ ಭಾರತದಾದ್ಯಂತ ಹುಳುಕಡ್ಡಿ ಹಠಮಾರಿಯಾಗಿದೆ. ಅದಕ್ಕೊಂದು ಕಾರಣ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಕಲಸಿದ ಟ್ಯೂಬು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಸ್ಟಿರಾಯ್ಡ್ ಚರ್ಮದ ಪ್ರತಿರೋಧವನ್ನು ಮಲಗಿಸಿದ್ದರಿಂದ ಹಾಗೆ ಕಾಣುವುದು. ಶಿಲೀಂಧ್ರ ಒಳಗೆ ಆರಾಮವಾಗಿ ಬೆಳೆಯುತ್ತಿರುತ್ತದೆ. ನಿಲ್ಲಿಸಿದ ವಾರಕ್ಕೆ ದುಪ್ಪಟ್ಟು ಅಗಲ, ಬಳೆಯೊಳಗೆ ಬಳೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯಲ್ಲಿ ಚರ್ಮ ತೆಳ್ಳಗಾಗಿ ಶಾಶ್ವತ ಬಿರಿಗೆರೆ ಬೀಳುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬಿನ ಹಿಂದೆ ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್, ಬೀಟಾಮೆಥಸೋನ್ ಎಂಬ ಹೆಸರಿದ್ದರೆ ಹುಳುಕಡ್ಡಿಗೆ ಅದು ಬೇಡವೇ ಬೇಡ.

ಕಲೆ ಒಂದೆರಡೇ ಇದ್ದರೆ ಕ್ಲೊಟ್ರಿಮಜೋಲ್ ಅಥವಾ ಟರ್ಬಿನಾಫಿನ್ ಒಂದೇ ಇರುವ ಕ್ರೀಮು ಸಾಕು. ತೊಳೆದು ಪೂರ್ತಿ ಒಣಗಿಸಿದ ಚರ್ಮಕ್ಕೆ ದಿನಕ್ಕೆರಡು ಸಲ, ಕಲೆಯ ಹೊರಗೂ 2 ಸೆಂಟಿಮೀಟರ್‌ವರೆಗೆ. ಕಲೆ ಮಾಯವಾದ ಮೇಲೂ 2 ವಾರ ಮುಂದುವರಿಸಿ. ಅಲ್ಲೇ ನಿಲ್ಲಿಸುವುದರಿಂದ ಮರಳಿ ಬರುವುದು. ಮೂರ್ನಾಲ್ಕು ಜಾಗದಲ್ಲಿದ್ದರೆ, ಉಗುರು ಅಥವಾ ಮಕ್ಕಳ ನೆತ್ತಿಗೆ ಹಿಡಿದಿದ್ದರೆ ಮಾತ್ರೆ ಬೇಕು, ಅದು ವೈದ್ಯರ ಕೆಲಸ.

ಮಳೆಗಾಲದಲ್ಲಿ ಔಷಧಿಗಿಂತ ಬಟ್ಟೆಯದ್ದೇ ತಲೆನೋವು. ಅರೆ ಒಣಗಿದ ಒಳಚಡ್ಡಿ, ಪಂಚೆಯನ್ನು ಉಡಬೇಡಿ. ಬಚ್ಚಲ ಒಲೆಯ ಮೇಲಿನ ಬಿದಿರಿಗೆ ಹಾಕಿ ಒಣಗಿಸಿ, ಮಡಿಕೆ ಹೊಲಿಗೆಗಳ ಮೇಲೆ ಇಸ್ತ್ರಿ ಎಳೆಯಿರಿ. ರೋಗಿಯ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಬೇಕು. ಉಡಿದಾರ ತೆಗೆಯಿರಿ ಇಲ್ಲವೇ ಹೊಸದು ಕಟ್ಟಿ. ಹಳೆಯ ನೂಲಿನಲ್ಲಿ ಶಿಲೀಂಧ್ರ ಕೂತಿರುತ್ತದೆ. ಟವೆಲ್ ಒಬ್ಬೊಬ್ಬರಿಗೆ ಒಂದು. ಮನೆಯವರಲ್ಲಿ ಯಾರಿಗಿದ್ದರೂ ಒಟ್ಟಿಗೇ ಔಷಧಿ. ಕೊಟ್ಟಿಗೆಯ ಕರುವಿನ ಕಣ್ಣಸುತ್ತ ಬೂದು ಹೆಕ್ಕಳಿಕೆ ಇದ್ದರೆ ಅದೂ ಹುಳುಕಡ್ಡಿಯೇ, ಕರುವಿಗೂ ಚಿಕಿತ್ಸೆ ಬೇಕು.

ಗಜಕರ್ಣ ಎಂದೂ ಕರೆಯುವ ಹುಳುಕಡ್ಡಿಗೆ ಸೀಮೆ ಅಗಸೆ ಸೊಪ್ಪು ಅರೆದು ಹಚ್ಚುವುದು ಹಳೆಯ ಪದ್ಧತಿ. ಆ ಸೊಪ್ಪಿಗೆ ಶಿಲೀಂಧ್ರ ಕೊಲ್ಲುವ ಗುಣವೇನೋ ಇದೆ, ಪ್ರಮಾಣ ಮಾತ್ರ ಕೈಗೆ ಸಿಗುವುದಿಲ್ಲ. ಬೆಳ್ಳುಳ್ಳಿ, ಸೀಮೆಎಣ್ಣೆ, ಬ್ಯಾಟರಿ ನೀರು ಹಚ್ಚುವವರಿಗೆ ಸಿಗುವುದು ಸುಟ್ಟ ಗಾಯ.

ಚಿಬ್ಬಿಗೆ 2% ಕೀಟೊಕೊನಜೋಲ್ ಶಾಂಪೂವನ್ನು ಒದ್ದೆ ಮೈಗೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. ದಿನಕ್ಕೊಮ್ಮೆ, 5 ದಿನ. ಹುಡಿ ಹೋದರೆ ರೋಗ ಹೋಯಿತು. ಬಣ್ಣ ತುಂಬಲು ತಿಂಗಳುಗಳೇ ಬೇಕು, ಅದಕ್ಕಾಗಿ ಮತ್ತೆ ಔಷಧಿ ಬೇಡ. ತಲೆಹೊಟ್ಟಿಗೂ ಅದೇ ಶಾಂಪೂ, ವಾರಕ್ಕೆರಡು ಸಲ, 2ರಿಂದ 4 ವಾರ, ನೆತ್ತಿಯ ಚರ್ಮಕ್ಕೆ ತಾಗುವಂತೆ. ಹೊಟ್ಟು ಒಣಗಿದೆಯೆಂದು ರಾತ್ರಿಯೆಲ್ಲ ಎಣ್ಣೆ ನೆನೆಸಬೇಡಿ. ಈ ಹೊಟ್ಟಿನ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ.

ಸೋರಿಯಾಸಿಸ್

ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 4 ವಾರ ಬೇಕು. ಸೋರಿಯಾಸಿಸ್‌ನಲ್ಲಿ ಅದೇ ಕೆಲಸ ಒಂದು ವಾರದೊಳಗೆ ಮುಗಿಯುತ್ತದೆ, ಬಲಿಯದ ಕೋಶಗಳು ಬೆಳ್ಳಿಬಣ್ಣದ ಪದರಗಳಾಗಿ ಪೇರುತ್ತವೆ. ಪದರ ಕಿತ್ತರೆ ಸೂಜಿಮೊನೆಯಂಥ ರಕ್ತದ ಚುಕ್ಕೆಗಳು ಕಾಣುತ್ತವೆ. ಪರೀಕ್ಷೆಗೆಂದು ಕೀಳಬೇಡಿ, ಗಾಯವಾದ ಗೆರೆಯಲ್ಲೇ ಹೊಸ ಕಲೆ ಏಳುತ್ತದೆ. ಉಗುರಿನ ಮೇಲೆ ಹೊಲಿಗೆ ಬೆರಳುಬಟ್ಟಿನಂತೆ ಸಣ್ಣ ಗುಳಿಗಳಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮುಟ್ಟಿದರೆ, ಒಟ್ಟಿಗೆ ಉಂಡರೆ ಅಂಟುವುದಿಲ್ಲ. ಮದುವೆ ಮನೆಯ ಪಂಕ್ತಿಯಿಂದ ದೂರ ಕೂರಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಮನೆಯಲ್ಲಿ ಮಾಡಬಹುದಾದದ್ದು: ಪದರ ಮೆತ್ತಗಾಗಲು ದಪ್ಪ ಮುಲಾಮು, ಬೆಳಗಿನ ಎಳೆಬಿಸಿಲಿಗೆ ಕಲೆಯನ್ನು 10 ನಿಮಿಷ ಒಡ್ಡುವುದು, ಕುಡಿತ ಸಿಗರೇಟು ಬಿಡುವುದು. ಗಂಟಲುಬೇನೆಯ ನಂತರ ಮೈಮೇಲೆ ಹನಿಹನಿ ಕಲೆ ಎದ್ದರೆ, ರಕ್ತದೊತ್ತಡದ ಹೊಸ ಮಾತ್ರೆಯ ನಂತರ ಹೆಚ್ಚಾದರೆ ವೈದ್ಯರಿಗೆ ಹೇಳಿ. ಬೆಳಗ್ಗೆ ಬೆರಳ ಗಂಟು ಬಿಗಿದು ಊದಿದರೆ ತಡ ಮಾಡಬೇಡಿ, ಈ ರೋಗ ಕೀಲನ್ನೂ ತಿನ್ನುತ್ತದೆ. ಬೇಗ ಗುಣ ಮಾಡುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದರೆ ನಿಲ್ಲಿಸಿದ ಕೂಡಲೇ ಇಡೀ ಮೈ ಕೀವುಗುಳ್ಳೆಯಾಗುವ ಅಪಾಯವಿದೆ.

ಹಿಮ್ಮಡಿ

ಹಿಂಪಟ್ಟಿ ಇಲ್ಲದ ಚಪ್ಪಲಿಯಲ್ಲಿ ಮೈಭಾರ ಬಿದ್ದಾಗ ಹಿಮ್ಮಡಿಯ ಕೊಬ್ಬಿನ ದಿಂಬು ಅಡ್ಡಕ್ಕೆ ಉಬ್ಬುತ್ತದೆ. ದಪ್ಪಗಟ್ಟಿ ಒಣಗಿದ ಚರ್ಮ ಹಿಗ್ಗಲಾರದೆ ಸೀಳುತ್ತದೆ. ರಾತ್ರಿ 15 ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲಿಡಿ. ಉಜ್ಜುಕಲ್ಲಿನಿಂದ ಒಂದೇ ದಿಕ್ಕಿಗೆ ಹಗುರಾಗಿ ತಿಕ್ಕಿ, ಬ್ಲೇಡು ಬೇಡ. ಒರೆಸಿ 20ರಿಂದ 25% ಯೂರಿಯಾ ಕ್ರೀಮು, ಅದರ ಮೇಲೆ ಮುರುಗಲ (ಕೋಕಂ) ಬೀಜದಿಂದ ತೆಗೆದ ತುಪ್ಪ. ಈ ತುಪ್ಪ ಗಟ್ಟಿ ಉಂಡೆಯಾಗಿರುತ್ತದೆ, ಮೈಬಿಸಿಗಿಂತ ಸ್ವಲ್ಪ ಹೆಚ್ಚಿನ ಬಿಸಿಗೆ ಕರಗುತ್ತದೆ. ದೀಪಕ್ಕೆ ಹಿಡಿದು ಬಿರುಕಿನೊಳಗೆ ತೊಟ್ಟಿಕ್ಕಿಸುವ ರೂಢಿಯಲ್ಲಿ ಸುಡುವ ಭಯವಿದೆ. ಚಮಚದಲ್ಲಿ ಕರಗಿಸಿ, ಕೈಮೇಲೆ ಬಿಸಿ ನೋಡಿ ಹಚ್ಚಿ. ಹತ್ತಿಯ ಸಾಕ್ಸ್ ಹಾಕಿ ಮಲಗಿ. ಎರಡು ವಾರ ತಪ್ಪದೆ ಮಾಡಿದರೆ ಬಿರುಕು ಕೂಡುತ್ತದೆ. ರಕ್ತ ಬರುವ ಆಳದ ಬಿರುಕಿಗೆ ಯೂರಿಯಾ ಬೇಡ, ಮೊದಲು ಬರೀ ತುಪ್ಪ ಅಥವಾ ಜೆಲ್ಲಿ. ಸಕ್ಕರೆ ಕಾಯಿಲೆಯವರು ನೀರಿನ ಬಿಸಿಯನ್ನು ಮನೆಯ ಬೇರೆಯವರಿಂದ ನೋಡಿಸಿಕೊಳ್ಳಬೇಕು, ಕಲ್ಲನ್ನು ಮುಟ್ಟಲೇಬಾರದು.

ಒಂದೇ ಅಂಗಾಲಿನ ಗೆರೆಗಳಲ್ಲಿ ಹಿಟ್ಟು ಉದುರಿಸಿದಂತೆ ಹೊಟ್ಟಿದ್ದು ಎಷ್ಟು ಹಚ್ಚಿದರೂ ಹೋಗದಿದ್ದರೆ ಅದು ಬಿರುಕಲ್ಲ, ಶಿಲೀಂಧ್ರ.

ಆಸ್ಪತ್ರೆಗೆ ಯಾವಾಗ, ಹೇಗೆ

ಮೈಯೆಲ್ಲ ಕೆಂಪಾಗಿ ಹೊಟ್ಟು ಸುರಿಯುತ್ತ ನಡುಕ, ಜ್ವರ ಬಂದರೆ ಅದೇ ದಿನ ಹೋಗಿ. ಇಸುಬಿನ ಮಗುವಿಗೆ ಗುಂಪುಗುಂಪಾಗಿ ನೀರ್ಗುಳ್ಳೆ ಎದ್ದು ನೋವು, ಜ್ವರ ಬಂದರೂ ಅಷ್ಟೇ. ಒಂದೇ ಸ್ತನದ ತೊಟ್ಟಿನ ಮೇಲೆ ವಾಸಿಯಾಗದ ಹೊಟ್ಟು, ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ಮಾಯದ ಒಂಟಿ ಕಲೆ ಕ್ಯಾನ್ಸರ್ ಆಗಿರಬಹುದು. ಇವಕ್ಕೆ ಚರ್ಮದ ತುಣುಕಿನ ಪರೀಕ್ಷೆ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಚರ್ಮವೈದ್ಯರು ಬರುವ ದಿನ ಯಾವುದೆಂದು ಕೇಳಿಕೊಳ್ಳಿ, ಇಲ್ಲದಿದ್ದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ.

ಹೋಗುವಾಗ ಹಚ್ಚಿದ ಎಲ್ಲ ಟ್ಯೂಬುಗಳನ್ನು, ಮುಗಿದ ಖಾಲಿ ಟ್ಯೂಬನ್ನೂ, ನುಂಗುವ ಮಾತ್ರೆಗಳನ್ನೂ ಚೀಲದಲ್ಲಿ ಒಯ್ಯಿರಿ. ಕಲೆ ಹೆಚ್ಚಾಗಿದ್ದ ದಿನದ ಫೋಟೋ ಮೊಬೈಲಿನಲ್ಲಿರಲಿ. ಆ ದಿನ ಕಲೆಗೆ ಏನನ್ನೂ ಹಚ್ಚಬೇಡಿ, ಅರಿಸಿನವನ್ನೂ: ಬಣ್ಣ ಮುಚ್ಚಿದರೆ ಅಂಚು ಕಾಣುವುದಿಲ್ಲ, ಎಣ್ಣೆಯಿದ್ದರೆ ಹೊಟ್ಟು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಅಡ್ಡಿಯಾಗುತ್ತದೆ.